ಬಿಳಿ ಮಿಂಕಿನ ಹಳದಿ ಪಾದ

"ಮೂಸ್ಬೇಡಿ ಮಾರಾಯ್ರೆ, ಮೂಗು ಕಿತ್ತು ಕೈಗೆ ಕೊಡ್ತದೆ ಅದು!"

ಹಾಗೆಂದು ಫಾರ್ಮಿನ ಒಡೆಯ ಸುಧಾಕರ ತಾವೇ ಒಂದು ಹೆಜ್ಜೆ ಹಿಂದೆ ಸರಿದರು. ಗಾರ್ಗಿ ಸರಿಯಲಿಲ್ಲ. ಅವಳ ದಪ್ಪ ಚರ್ಮದ ಕೈಗವಸಿನಲ್ಲಿ, ತುಪ್ಪಳಕ್ಕಾಗಿ ಸಾಕಿದ ಬಿಳಿ ಮಿಂಕ್ ಕೊಸರಾಡುತ್ತಿತ್ತು. ಮುಂಗುಸಿಯ ಉದ್ದ, ಅಳಿಲಿನ ಚುರುಕು, ಕೆಣಕಿದ ಬೆಕ್ಕಿನ ಕೋಪ. ಅವಳು ಅದರ ಮುಂಗಾಲನ್ನು ಬೆಳಕಿಗೆ ಹಿಡಿದಳು.

ಬೆರಳುಗಳ ಸಂದು ಊದಿಕೊಂಡು ಕೀವು ಕಟ್ಟಿತ್ತು. ಉಗುರಿನ ಬುಡದಲ್ಲಿ ಚರ್ಮ ಕಿತ್ತುಬಂದಿತ್ತು. ಈ ಹುಣ್ಣು ಅವಳಿಗೆ ಹೊಸದಲ್ಲ. ಹೊಸದೆಂದರೆ ಹುಣ್ಣಿನ ಸುತ್ತಲಿನ ರೋಮದ ಬಣ್ಣ.

ಹಳದಿ.

ಇದುವರೆಗೆ ಅವಳ ಪ್ರಾಣಿರೋಗದ ಲ್ಯಾಬಿಗೆ ಬಂದ ಹೆಣಗಳೆಲ್ಲ ಕಂದು ಮಿಂಕ್‌ಗಳದು. ಕಂದು ರೋಮದ ಮೇಲೆ ಹಳದಿ ಕಾಣುವುದೆಂತು? ರೋಗ ಈ ವಾರವಷ್ಟೇ ಬಿಳಿಯವುಗಳ ಶೆಡ್ಡಿಗೆ ಕಾಲಿಟ್ಟಿತ್ತು.

"ಅಯೋಡಿನ್ ಹಚ್ಚಿದ್ರಾ ಅಂಕಲ್?"

"ನಾನು ಎಂತದೂ ಹಚ್ಲಿಲ್ಲ. ನೀವೇ ಹೇಳಿದ್ದಲ್ಲವಾ, ಮುಟ್ಬೇಡಿ ಅಂತ?"

ಗಾರ್ಗಿ ಮಾಸ್ಕ್ ಕೆಳಗಿಳಿಸಿ ಮತ್ತೊಮ್ಮೆ ಮೂಸಿದಳು. ಅರಿಶಿನ. ಅದರ ಬೆನ್ನಿಗೇ ಕರ್ಪೂರ. ಎರಡರ ಅಡಿಯಲ್ಲಿ, ಮುಚ್ಚಿಟ್ಟರೂ ಮುಚ್ಚಲಾಗದಂತೆ, ಹಳಸಿದ ಕಡಲಿನ ವಾಸನೆ.

ಕಡಲನ್ನು ಬದಿಗಿಟ್ಟರೆ, ಆ ವಾಸನೆ ಅವಳನ್ನು ಕೈಹಿಡಿದು, ಅವಳು ಬೆಳೆದ ಎಡಿಸನ್ ಊರಿನ ಹಳೆಯ ಅಪಾರ್ಟ್‌ಮೆಂಟಿಗೆ ಕರೆದುಕೊಂಡುಹೋಯಿತು. ಪಾರ್ಕಿಂಗ್ ಲಾಟಿನಲ್ಲಿ ಸೈಕಲ್ಲಿನಿಂದ ಬಿದ್ದು ಮಂಡಿ ಕಿತ್ತುಕೊಂಡು ಬಂದ ಮೊಮ್ಮಗಳು. ನೂಲಿನ ಸೀರೆಯುಟ್ಟು, ಕಾಲಿಗೆ ಅಳಿಯನ ಹಳೆಯ ಸ್ನೀಕರ್ಸ್ ಹಾಕಿಕೊಂಡು, ಲಾಂಡ್ರಿ ರೂಮಿನ ಮುಂದಿನ ಮೆಟ್ಟಿಲ ಮೇಲೆ ಕೂತ ಅಜ್ಜಿ. ಡ್ರೈಯರಿನ ಬಿಸಿಗಾಳಿ ಬೆನ್ನಿಗೆ ತಾಕುತ್ತಿತ್ತು. ಅಜ್ಜಿಯ ಬೆರಳ ತುದಿಯಲ್ಲಿ ಅರಿಶಿನದ ಮುಲಾಮು, ಬಾಯಲ್ಲಿ ಕಥೆ. ಉರಿ ಮರೆಯುವಷ್ಟು ಉದ್ದದ ಕಥೆ.

"ರಾಜನ ತೋಟದಲ್ಲಿ ದಿನಾ ಸಂಪಿಗೆ ಕಳುವಾಗ್ತಿತ್ತಂತೆ ಪುಟ್ಟಿ. ಮಂತ್ರಿ ಮನೆಮನೆ ಜಾಲಾಡಿಸ್ಲಿಲ್ಲ. ಊರಿಗೆ ಊಟ ಹಾಕಿಸ್ದ. ಎಲೆ ಮುಂದೆ ಕೂತವರ ಕೈಗೆ ನೀರು ಹಾಕೋ ನೆಪದಲ್ಲಿ ಒಬ್ಬೊಬ್ಬರ ಬೆರಳೂ ಮೂಸ್ಕೊಂಡು ಬಂದ."

"ಕಳ್ಳ ಸಿಕ್ಕಿದ್ನಾ?"

"ಸಿಕ್ಕಿದ್ಳು. ಆದ್ರೆ ಮಂತ್ರಿ ಬಾಯೇ ಬಿಡ್ಲಿಲ್ಲ. ಯಾಕಂದ್ರೆ ಆ ಕೈ ಅವನನ್ನ ತೊಟ್ಟಿಲಲ್ಲಿ ತೂಗಿದ ಕೈ."

ಗಾರ್ಗಿ ಮಿಂಕನ್ನು ಗೂಡಿಗೆ ಬಿಟ್ಟು ಚಿಲಕ ಹಾಕಿದಳು. ಅದು ಮೂಲೆಗೆ ಸರಿದು ತನ್ನ ಹಳದಿ ಪಾದ ನೆಕ್ಕತೊಡಗಿತು.

ಸಸೆಕ್ಸ್ ಕೌಂಟಿಯ ಈ ಗುಡ್ಡದ ಫಾರ್ಮಿನಲ್ಲಿ ಹಬ್ಬಿರುವ ಚರ್ಮರೋಗದ ರೋಗಾಣು ಕಡಲಿನ ಸೀಲ್ ಪ್ರಾಣಿಗಳ ಮೈಯದು ಎಂದು ಹೋದ ವಾರ ಪತ್ತೆ ಹಚ್ಚಿದವಳು ಅವಳೇ. ಕಡಲಿನಿಂದ ಈ ಗುಡ್ಡಕ್ಕೆ ಬರುವುದು ಒಂದೇ ಒಂದು, ರೋಷನ್ನನ ಮೀನಿನ ಟ್ರಕ್ಕು. ಅವನು ತೀರದ ಊರುಗಳಿಂದ ಮೀನಿನ ತಲೆ, ಮೂಳೆ, ಕರುಳು ತುಂಬಿಕೊಂಡು ಬಂದು ಮಿಂಕ್‌ಗಳ ಮೇವಿಗೆ ಹಾಕುತ್ತಾನೆ. ಸತ್ತ ಸೀಲ್ ಒಂದನ್ನು ಅವನು ಆ ರಾಶಿಯಲ್ಲಿ ಸೇರಿಸಿದ್ದಾನೆ ಎಂಬುದು ಸುಧಾಕರರ ದೂರು. ಈ ದೇಶದಲ್ಲಿ ಸೀಲನ್ನು ಮುಟ್ಟುವುದೇ ಅಪರಾಧ. ಇನ್ನು ಸ್ವಲ್ಪ ಹೊತ್ತಿಗೆ ಲ್ಯಾಬಿನ ಹಿರಿಯ ಡಾಕ್ಟರ್ ಜಯತೀರ್ಥ ಖುದ್ದಾಗಿ ಬರುತ್ತಾರೆ. ಗಾರ್ಗಿಯ ವರದಿಗೆ ಅವರ ಸಹಿ ಬಿದ್ದರೆ ರೋಷನ್ನನ ಲೈಸೆನ್ಸ್ ಹೋಯಿತು, ಟ್ರಕ್ಕು ಹೋಯಿತು, ಈ ನೆಲದಲ್ಲಿ ಅವನು ನಿಂತ ಕಾಲೂ ಹೋಯಿತು.

"ಗುಡ್ಡದ ಮೇಲಿನ ಶೆಡ್ಡಲ್ಲಿ ಒಂದಕ್ಕೂ ರೋಗ ಇಲ್ಲ ಅಲ್ವಾ ಅಂಕಲ್?"

"ಅದು ದೇವರು ದೊಡ್ಡವನು."

"ಮೇವು ಮಾತ್ರ ಎಲ್ಲಾ ಶೆಡ್ಡಿಗೂ ಒಂದೇ. ಒಂದೇ ಮಷೀನಲ್ಲಿ ಅರೆದದ್ದು."

ಸುಧಾಕರ ಟೋಪಿ ತೆಗೆದು ತಲೆ ಕೆರೆದುಕೊಂಡರು. ಮಲ್ಪೆ ಕಡೆಯಿಂದ ಬಂದು ಫ್ಲೋರಲ್ ಪಾರ್ಕ್ ಊರಿನ ಹೋಟೆಲಿನಲ್ಲಿ ದೋಸೆ ಹುಯ್ದು, ಮುದುಕ ಗ್ರೀಕ್ ಯಜಮಾನನೊಬ್ಬನಿಂದ ಈ ಫಾರ್ಮು ಕೊಂಡವರು. ಆ ಕಾಲದಲ್ಲಿ ಮ್ಯಾನ್‌ಹಟನ್ನಿನ ತುಪ್ಪಳದ ಅಂಗಡಿಯವರು ಕಾರು ಮಾಡಿಕೊಂಡು ಈ ಗುಡ್ಡ ಹತ್ತಿ ಬರುತ್ತಿದ್ದರಂತೆ. ಸುಧಾಕರರ ಹೆಂಡತಿ ಬೇಬಿಯ ಮೀನು ಸಾರು ಉಂಡು, ಕಣ್ಣಲ್ಲಿ ನೀರು ತಂದುಕೊಂಡು, ಮತ್ತೆ ಬಡಿಸಿಕೊಳ್ಳುತ್ತಿದ್ದರಂತೆ. ಈಗ ಆ ಅಂಗಡಿಗಳೂ ಇಲ್ಲ, ಕೋಟು ತೊಡುವ ಹೆಂಗಸರೂ ಇಲ್ಲ. ಉಳಿದದ್ದು ನಾಲ್ಕು ಶೆಡ್ಡು, ಹಟ ಬಿಡದ ಗಂಡಹೆಂಡಿರು.

"ಮೇಲಿನ ಶೆಡ್ಡು ಯಾರು ನೋಡ್ಕೊಳ್ತಾರೆ?"

"ನಾನೇ. ಬೇಬಿಗೆ ಮಂಡಿನೋವು, ಹತ್ಲಿಕ್ಕೆ ಆಗುದಿಲ್ಲ. ಕೆಳಗಿನದೆಲ್ಲ ಅವಳದ್ದು." ಹೇಳಿ ಮುಗಿಸುವಷ್ಟರಲ್ಲಿ ಸುಧಾಕರರ ದನಿ ನಿಧಾನವಾಯಿತು. "ಎಂತಕ್ಕೆ ಕೇಳಿದ್ದು?"

"ಕಾಫಿ ಕುಡಿಯೋಣ ಬನ್ನಿ ಅಂಕಲ್."

ಅಡುಗೆಮನೆಯಲ್ಲಿ ನೀರುದೋಸೆಯ ಹಬೆ. ಕಿಟಕಿಯಾಚೆ ಏಪ್ರಿಲ್ಲಿನ ಎಳೆಬಿಸಿಲು, ಅದರಲ್ಲಿ ನಿಂತ ಮೀನಿನ ಟ್ರಕ್ಕು. ಬೇಬಿ ಹಂಚಿನ ಮುಂದೆ ನಿಂತಿದ್ದರು. ತುಂಬು ಮೈ, ನೈಟಿಯ ಮೇಲೆ ಸ್ವೆಟರ್, ತಲೆಗೆ ಟವೆಲು. ಮೇಜಿನ ಮೂಲೆಯಲ್ಲಿ ರೋಷನ್ ಕೂತಿದ್ದ. ಮೂವತ್ತೈದರ ಆಳು, ಹತ್ತು ದಿನದ ಗಡ್ಡ. ಅವನ ಮುಂದಿನ ದೋಸೆ ಮಡಿಸಿದ್ದು ಮಡಿಸಿದಂತೆಯೇ ಇತ್ತು. ಅವನ ಕಣ್ಣು ಮತ್ತೆ ಮತ್ತೆ ಕಿಟಕಿಗೆ ಹೋಗಿ ಬರುತ್ತಿತ್ತು.

"ಕಳ್ಳನಿಗೆ ದೋಸೆ ಬೇರೆ," ಎಂದರು ಸುಧಾಕರ.

"ನನ್ನ ಮನೆ, ನನ್ನ ಹಂಚು," ಎಂದರು ಬೇಬಿ, ತಿರುಗದೆ. "ನೀವು ಬೇಕಾದ್ರೆ ಹೊರಗೆ ಹೋಗಿ ಮಿಂಕಿನ ಮೇವು ತಿನ್ನಿ. ಕೂತ್ಕೊ ಮಗಾ ಗಾರ್ಗಿ. ನಿನಗೆ ಬೇರೆ ಚಮಚ ಇಟ್ಟಿದ್ದೇನೆ, ಮೀನು ಮುಟ್ಟದ್ದು."

ರೋಷನ್ ಮಂಗಳೂರಿನಿಂದ ಬಂದ ಮೊದಲ ಚಳಿಗಾಲ ಜ್ವರ ಹಿಡಿದು ಮಲಗಿದ್ದಾಗ ಗಂಜಿ ಕುಡಿಸಿದವರು ಬೇಬಿ. ಅವನಿಗೆ ಟ್ರಕ್ಕಿನ ಸಾಲಕ್ಕೆ ಜಾಮೀನು ನಿಲ್ಲಲು ಗಂಡನನ್ನು ಒಪ್ಪಿಸಿದವರೂ ಅವರೇ. ಮಕ್ಕಳಿಲ್ಲದ ಮನೆಯಲ್ಲಿ ಅವನ ತಟ್ಟೆಗೆ ಒಂದು ಜಾಗವಿತ್ತು.

ಗಾರ್ಗಿ ಕೂರಲಿಲ್ಲ. "ಒಂದು ನಿಮಿಷ. ಎಲ್ರೂ ಕೈ ತೋರಿಸ್ತೀರಾ?"

"ಕೈ ನೋಡಿ ಭವಿಷ್ಯ ಹೇಳ್ಲಿಕ್ಕೂ ಬರ್ತದಾ ನಿಮಗೆ?" ಎಂದು ಸುಧಾಕರ ನಗುತ್ತ ಕೈಚಾಚಿದರು. ಅಂಗೈಯ ತುಂಬ ಕಚ್ಚಿದ ಗುರುತು, ತಂಬಾಕಿನ ವಾಸನೆ. ರೋಷನ್ನನ ಕೈಯಲ್ಲಿ ಮೀನು ಮತ್ತು ಡೀಸೆಲ್.

ಬೇಬಿ ಕೈಯನ್ನು ಸ್ವೆಟರಿಗೆ ಒರೆಸಿಕೊಂಡರು. "ದೋಸೆ ಸೀಯ್ತದೆ ಮಗಾ."

"ಸೀಯ್ಲಿ ಆಂಟಿ."

ಬೆರಳುಗಳು ಗೆಣ್ಣಿನವರೆಗೂ ಹಳದಿ.

"ಅಡುಗೆ ಮಾಡುವವಳ ಕೈ ಹಳದಿ ಇರದೆ ನೀಲಿ ಇರ್ತದಾ?" ಬೇಬಿ ಗಂಡನ ಕಡೆ ನೋಡಿ ನಕ್ಕರು. ಆ ನಗು ಕಣ್ಣಿನವರೆಗೆ ಹೋಗಲಿಲ್ಲ.

ಗಾರ್ಗಿ ಬಾಗಿ ಆ ಬೆರಳುಗಳನ್ನು ಮೂಸಿದಳು. ಕ್ಷಣಕ್ಕೆ ಲಾಂಡ್ರಿ ರೂಮಿನ ಮೆಟ್ಟಿಲ ಮೇಲಿದ್ದಳು. ತಲೆಯೆತ್ತಿದಳು.

"ಸಾರಿಗೆ ಕರ್ಪೂರ ಹಾಕ್ತೀರಾ ಆಂಟಿ?"

ಹಂಚಿನ ಮೇಲೆ ದೋಸೆ ಸೀದು ಕರಕಾಯಿತು. ಯಾರೂ ತೆಗೆಯಲಿಲ್ಲ.

"ಬೇಬಿ?" ಎಂದರು ಸುಧಾಕರ. "ಎಂತ ಇದು?"

ಬೇಬಿ ಒಲೆ ಆರಿಸಿದರು. ಕುರ್ಚಿ ಎಳೆದುಕೊಂಡು, ಮಂಡಿ ಹಿಡಿದು, ಮೆಲ್ಲಗೆ ಕೂತರು.

"ಹೆಣ್ಣಿನ ಗೂಡಿಗೆ ಗಂಡು ಬಿಟ್ಟ ಮೇಲೆ ಇವುಗಳ ಮೈಮೇಲೆ ಗೀರು ಎಷ್ಟಿರ್ತದೆ ಅಂತ ನಿಮಗೆ ಗೊತ್ತುಂಟಾ? ಕಾಲು ತಂತಿಗೆ ಸಿಕ್ಕಿ ಹರೀತದೆ. ಬಸುರಿಗಳು, ಪಾಪ. ಬರುವ ತಿಂಗಳು ಹೆರುವವು. ನಮ್ಮಮ್ಮ ಊರಲ್ಲಿ ದೋಣಿಯವರ ಕೈ ಬಲೆಯ ಹಗ್ಗಕ್ಕೆ ಕುಯ್ದುಹೋದ್ರೆ ಮದ್ದು ಮಾಡ್ತಿದ್ರು. ಮೀನಿನ ಕೊಬ್ಬು, ಅರಿಶಿನ, ಕರ್ಪೂರ. ಇಡೀ ಕೇರಿಗೆ ಅಮ್ಮನದ್ದೇ ಮದ್ದು. ನಾನು ಅದನ್ನೇ ಮಾಡಿದ್ದು. ದಿನಾ ಬೆಳಿಗ್ಗೆ ಡಬ್ಬಿ ಹಿಡ್ಕೊಂಡು ಹೋಗುದು, ಒಂದೊಂದರ ಕಾಲಿಗೂ ಮೂತಿಗೂ ಹಚ್ಚುದು."

"ಗ್ಲೌಸ್ ಹಾಕಿರ್ತಿದ್ರಾ?"

"ಹಿಡಿಯುವ ಕೈಗೆ ಹಾಕ್ತೇನೆ. ಹಚ್ಚುವ ಕೈಗೆ ಎಂತಕ್ಕೆ? ಬಾಣಂತಿಗೆ ಎಣ್ಣೆ ಹಚ್ಚುವವರು ಗ್ಲೌಸ್ ಹಾಕ್ತಾರಾ?"

"ಒಂದರ ಹುಣ್ಣು ಮುಟ್ಟಿದ ಬೆರಳು ಮತ್ತೆ ಅದೇ ಡಬ್ಬಿಗೆ?"

ಬೇಬಿಯ ನೋಟ ಇಳಿದು ತಮ್ಮ ಬಲಗೈಯ ಮೇಲೆ ನಿಂತಿತು. ಆ ಕೈಯನ್ನು ಮೊದಲ ಸಲ ನೋಡುತ್ತಿರುವವರ ಹಾಗೆ ನೋಡಿದರು.

"ಹಚ್ಚಿದಷ್ಟೂ ಹೆಚ್ಚಾಗ್ತಿತ್ತು," ಎಂದರು ಕೊನೆಗೆ. "ಹೆಚ್ಚಾಯ್ತಲ್ಲ ಅಂತ ಇನ್ನಷ್ಟು ಹಚ್ಚಿದೆ. ಹಾಗಾದ್ರೆ ಇಷ್ಟೂ ಸತ್ತದ್ದು..."

"ಗೊತ್ತಿಲ್ದೆ ಆಗಿದ್ದು ಆಂಟಿ."

"ಅರಿಶಿನ ಮಗಾ! ಅರಿಶಿನ ಎಂತದನ್ನೂ ಕೊಲ್ತದೆ ಅಂತಲ್ಲವಾ ಹೇಳುದು?"

"ಎಲ್ಲವನ್ನೂ ಕೊಲ್ಲಲ್ಲ."

ಸುಧಾಕರ ಗೋಡೆಗೊರಗಿ ನಿಂತುಬಿಟ್ಟಿದ್ದರು. ಹೆಂಡತಿಯನ್ನು ಬೈಯಬೇಕೋ ಸಂತೈಸಬೇಕೋ ತಿಳಿಯದೆ ಟೋಪಿಯನ್ನು ಹಿಂಡುತ್ತಿದ್ದರು. ಆಮೇಲೆ, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ, ರೋಷನ್ನನ ಕಡೆ ಬೆರಳು ಮಾಡಿದರು.

"ಹರಡಿಸಿದ್ದು ಇವಳೇ ಇರ್ಬಹುದು. ತಂದದ್ದು ಯಾರು? ಸೀಲಿನ ರೋಗ ಈ ಗುಡ್ಡ ಹತ್ತಿದ್ದು ಹೇಗೆ? ಬೇಬಿಯ ಅಮ್ಮ ತಂದಳಾ?"

ರೋಷನ್ ಮತ್ತೆ ಕಿಟಕಿಯತ್ತ ನೋಡಿದ.

"ಡಬ್ಬಿ ಎಲ್ಲಿದೆ ಆಂಟಿ?"

ಬೇಬಿ ಫ್ರಿಜ್ಜಿನತ್ತ ತೋರಿಸಿದರು. ಕೆಳಗಿನ ಅರೆಯಲ್ಲಿ, ಮೊಸರಿನ ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳ ಸಾಲು. ಯಾವುದರಲ್ಲೂ ಮೊಸರಿರಲಿಲ್ಲ. ಒಂದರಲ್ಲಿ ಹುಳಿ, ಒಂದರಲ್ಲಿ ಸೌತೆಬೀಜ, ಒಂದರಲ್ಲಿ ಅಂಗಿಯ ಗುಂಡಿಗಳು. ಭಾರತದವರ ಮನೆಯ ಫ್ರಿಜ್ಜಿನಲ್ಲಿ ಮೊಸರು ಹುಡುಕುವುದೇ ಒಂದು ಪತ್ತೇದಾರಿಕೆ ಎಂದು ಗಾರ್ಗಿಯ ಅಪ್ಪ ಹೇಳುತ್ತಿದ್ದುದುಂಟು. ನಾಲ್ಕನೆಯದರಲ್ಲಿ ಹಳದಿ ಮುಲಾಮು. ಅದರ ಹಿಂದೆ ಗಾಜಿನ ಜಾಡಿಯೊಂದರಲ್ಲಿ ಬಿಳಿಯ ಮುದ್ದೆ.

"ಮೀನಿನ ಕೊಬ್ಬು ಇದೇನಾ?"

"ಅದೇ."

ಗಾರ್ಗಿ ಹೊಸ ಗ್ಲೌಸ್ ಹಾಕಿಕೊಂಡು ಜಾಡಿಯ ಮುಚ್ಚಳ ತೆಗೆದಳು. ಕಡಲಿನ ವಾಸನೆ ಅಡುಗೆಮನೆ ತುಂಬಿತು. ಮುದ್ದೆಯನ್ನು ಚಮಚದಿಂದ ಮಗುಚಿದಳು. ಅದರ ಬೆನ್ನಿಗೆ ಹೆಬ್ಬೆರಳಗಲದ ತೊಗಲಿನ ತುಂಡೊಂದು ಅಂಟಿತ್ತು. ತೊಗಲಿನ ಮೇಲೆ ಗಿಡ್ಡನೆಯ, ಒರಟಾದ, ಬೂದುಬಣ್ಣದ ಎಳೆಗಳು.

"ಆಂಟಿ," ಎಂದಳು ಮೆಲ್ಲಗೆ, "ಮೀನಿಗೆ ಕೂದಲಿರುತ್ತಾ?"

ಬೇಬಿ ಎದ್ದು ಬಂದು ನೋಡಿದರು. ಹುಟ್ಟಿದ ದಿನದಿಂದ ಮೀನು ಕಂಡ ಕಣ್ಣು ಅದು. ಎರಡು ಸಲ ನೋಡಬೇಕಾಗಲಿಲ್ಲ.

"ನಾನು ಮೇಲಿಂದ ಮೇಲೆ ತೆಗ್ದದ್ದು. ಅಡಿ ನೋಡ್ಲಿಲ್ಲ. ಹೊಸಾ ಮೀನು, ಈ ಕಡೆ ಮಾತ್ರ ಸಿಕ್ಕುದು ಅಂದ್ರು ತಂದುಕೊಟ್ಟವರು." ಬೇಬಿ ಜಾಡಿಯಿಂದ ಹಿಂದೆ ಸರಿದರು. "ಅಮ್ಮ ಕೊಬ್ಬನ್ನು ಕೆಂಡದ ಮೇಲಿಟ್ಟು ಕಾಯಿಸ್ತಿದ್ರು, ನೊರೆ ನಿಲ್ಲುವವರೆಗೆ. ನಾನೂ ಕಾಯಿಸ್ಲಿಕ್ಕೆ ಹೊರಟದ್ದು ಮಗಾ. ತಂದುಕೊಟ್ಟವರೇ ಬೇಡ ಅಂದ್ರು. ಬೆಂಕಿ ತೋರಿಸಿದ್ರೆ ಸತ್ವ ಹೋಗ್ತದೆ, ಹಸಿಯಾಗಿಯೇ ಅರೆದು ಹಚ್ಚಿ ಅಂದ್ರು."

ಗಾರ್ಗಿ ಮತ್ತೆ ಆ ಬಿಳಿಯ ಮುದ್ದೆಯನ್ನು ನೋಡಿದಳು. ಕಾಯಿಸಿದ್ದರೆ ಈ ಸೀಲಿನ ಕೊಬ್ಬಿನಲ್ಲಿದ್ದ ರೋಗಾಣು ಸಾಯುತ್ತಿತ್ತು. ಬೇಬಿಯ ಅಮ್ಮನ ಮದ್ದಿನಲ್ಲಿ ತಪ್ಪಿರಲಿಲ್ಲ. ಆ ಮದ್ದನ್ನು ಬಲ್ಲವರು ಯಾರೋ ಅದರಿಂದ ಬೆಂಕಿಯೊಂದನ್ನೇ ತೆಗೆದುಹಾಕಿದ್ದರು.

ಇದು ಮೇವಿನಲ್ಲಿ ಬಂದದ್ದಲ್ಲ. ಯಾರೋ ಬೇಕೆಂದೇ ಕೈಗಿತ್ತದ್ದು.

"ಹಾಗಾದ್ರೆ ರೋಷನ್‌ನ ಮೀನಿಂದ ಬಂದಿದ್ದಲ್ಲ ಅಂಕಲ್," ಎಂದಳು. "ವರದೀಲಿ ಹಾಗೇ ಬರೀತೀನಿ."

ಬೇಬಿ ಕಣ್ಣೊರೆಸಿಕೊಂಡು ರೋಷನ್ನನ ತಲೆ ಸವರಿದರು. "ಕೇಳಿತಾ? ತಿನ್ನು ಈಗ." ಅವನು ತಿನ್ನಲಿಲ್ಲ. ಬದುಕು ತಿರುಗಿ ಸಿಕ್ಕಿದವನ ಮುಖ ಅದಾಗಿರಲಿಲ್ಲ.

"ಹೇಳಿದ್ದು ಯಾರು ಆಂಟಿ? ಹಸಿಯಾಗಿ ಹಚ್ಚಿ ಅಂತ?"

"ನಿಮ್ಮವರೇ ಅಲ್ಲವಾ? ನಿಮ್ಮ ದೊಡ್ಡ ಡಾಕ್ಟ್ರು. ಜಯತೀರ್ಥ."

ಗಾರ್ಗಿಗೆ ಚಮಚ ಕೆಳಗಿಡಬೇಕೆಂಬುದು ಮರೆತುಹೋಯಿತು. ಜಯತೀರ್ಥ ಆಫೀಸಿನಲ್ಲಿ ಅವಳಿಗೆ ಸರ್, ಮನೆಯಲ್ಲಿ ಅಂಕಲ್. ಎಡಿಸನ್ನಿನ ಆ ಎರಡು ಕೋಣೆಯ ಮನೆಯಲ್ಲಿ ನೆಲದ ಮೇಲೆ ಕೂತು ಅಜ್ಜಿಯ ಕೈಯ ಹುಳಿಯನ್ನ ಉಂಡವರು. ಅಜ್ಜಿಯ ಕಥೆಗೆ ಅವಳ ಪಕ್ಕದಲ್ಲೇ ಕೂತು ಹೂಂಗುಟ್ಟಿದವರು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಡುವುದನ್ನು ಕಲಿಸಿದವರು. ಈ ಕೇಸನ್ನು ಅವಳ ಕೈಗೆ ಕೊಟ್ಟು, ಮೇವನ್ನು ಮೊದಲು ನೋಡು ಎಂದವರೂ ಅವರೇ.

"ಎಷ್ಟು ಸಲ ಬಂದಿದ್ರು?"

"ಬರ್ತಾ ಇದ್ರು. ಇವರು ಪೇಟೆಗೆ ಹೋದಾಗಲೇ. ಇಲ್ಲೇ ಕೂತು ಊಟ ಮಾಡ್ತಿದ್ರು. ಎಷ್ಟು ಚಂದ ಮಾತು! ಅಮ್ಮನ ಮದ್ದಿನ ಬಗ್ಗೆ ಕೇಳಿ ಕೇಳಿ ಹೇಳಿಸಿಕೊಂಡ್ರು. ಈ ದೇಶದಲ್ಲಿ ಅಮ್ಮನ ಹೆಸರು ಕೇಳಿದವರೇ ಇರ್ಲಿಲ್ಲ ಮಗಾ ನನಗೆ."

"ನನಗೆ ಒಂದು ಮಾತು ಹೇಳ್ಲಿಲ್ಲ ನೀನು!" ಎಂದರು ಸುಧಾಕರ.

"ಮದ್ದು ಅಂದ್ರೆ ನೀವು ನಗ್ತೀರಿ. ಅವರು ನಗ್ಲಿಲ್ಲ."

ಹೊರಗೆ ಜಲ್ಲಿಕಲ್ಲಿನ ಮೇಲೆ ಕಾರು ಬಂದು ನಿಂತ ಸದ್ದು. ಬಾಗಿಲು ಬಡಿದು, ಒಪ್ಪಿಗೆಗೆ ಕಾಯದೆ, ಮೂಗಿಗೆ ಕರ್ಚೀಫು ಹಿಡಿದ ಸಣಕಲು ಮನುಷ್ಯರೊಬ್ಬರು ಒಳಗೆ ಬಂದರು. ಬಿಳಿ ಮೀಸೆ, ಕೋಟು, ಬಗಲಲ್ಲಿ ಫೈಲು.

"ಶಿವ ಶಿವಾ, ಏನ್ ವಾಸನೆ ಇದು! ಗಾರ್ಗಿ, ಎಲ್ಲಮ್ಮಾ ಸಹಿ ಹಾಕ್ಬೇಕು? ಬೇಗ ಮುಗಿಸು. ಚರ್ಮ ಸುಲಿಯೋ ಜಾಗಕ್ಕೆ ಈ ವಯಸ್ಸಲ್ಲಿ ಬರೋ ಹಾಗೆ ಮಾಡ್ದೆ ನೀನು."

ಗಾರ್ಗಿ ಅವರ ಕಣ್ಣನ್ನೇ ನೋಡಿದಳು. ಅಜ್ಜಿಯ ಮಂತ್ರಿಯ ಹಾಗೆ ಸುಮ್ಮನಿದ್ದುಬಿಡುವ ಆಸೆ ಒಮ್ಮೆ ಸುಳಿದು ಹೋಯಿತು. ಜಾಡಿಯನ್ನು ಮೇಜಿನ ನಡುವಿಗೆ ತಳ್ಳಿದಳು.

"ಸರ್, ಇದನ್ನ ಆಂಟಿಗೆ ಕೊಟ್ಟಿದ್ದು ನೀವಾ?"

"ಯಾವ ಆಂಟಿ? ಏನದು?"

"ಬೇಬಿ ಆಂಟಿ, ನೀವೇ ಹೇಳಿ. ಜಯತೀರ್ಥ ಸರ್ ಇವರೇ."

ಬೇಬಿ ಬಂದವರನ್ನು ಮೇಲಿಂದ ಕೆಳಗೆ ನೋಡಿದರು. ಮೀಸೆ ನೋಡಿದರು, ಕರ್ಚೀಫು ನೋಡಿದರು. ಅವರ ಹುಬ್ಬು ಗಂಟಾಯಿತು.

"ಇವರು ಯಾರು?"

"ಹೇಳಿದ್ನಲ್ಲ ಆಂಟಿ, ಜಯತೀರ್ಥ..."

"ಅಲ್ಲ ಮಗಾ. ಇವರನ್ನು ನಾನು ಕಂಡೇ ಇಲ್ಲ."

"ನಾನೂ ಈ ತಾಯಿಯನ್ನ ಕಂಡಿಲ್ಲ," ಎಂದರು ಜಯತೀರ್ಥ. "ಈ ಗುಡ್ಡ ಹತ್ತಿದ್ದೇ ಇವತ್ತು."

ಗಾರ್ಗಿಗೆ ಎದೆಯ ಮೇಲಿನ ಕಲ್ಲು ಇಳಿದದ್ದೂ ಹೌದು, ಅದಕ್ಕಿಂತ ಭಾರದ್ದೊಂದು ಅದೇ ಜಾಗಕ್ಕೆ ಬಂದು ಕೂತದ್ದೂ ಹೌದು. ಬೇಬಿ ಸೆರಗಿಲ್ಲದ ಎದೆಗೆ ಕೈಯೊತ್ತಿಕೊಂಡರು.

"ಹಾಗಾದ್ರೆ ನನ್ನ ಕೈಯಲ್ಲಿ ಊಟ ಮಾಡಿ ಹೋದವರು ಯಾರು?"

"ಅದನ್ನು ಆಮೇಲೆ ನೋಡುವ," ಎಂದರು ಸುಧಾಕರ. ಅವರ ದನಿ ಎಂದಿಗಿಂತ ತಗ್ಗಿತ್ತು. "ಇಲ್ಲಿಗೆ ಬಸ್ಸಿಲ್ಲ, ಟ್ಯಾಕ್ಸಿ ಬರುದಿಲ್ಲ. ಅವನನ್ನು ಮೊದಲು ಈ ಮನೆಗೆ ಕರ್ಕೊಂಡು ಬಂದದ್ದು ಯಾರು, ಬೇಬಿ?"

ಬೇಬಿಯ ಕಣ್ಣು ತಾನಾಗಿಯೇ ಮೇಜಿನ ಮೂಲೆಗೆ ಹೋಯಿತು. ಹೋದದ್ದು ತಿಳಿದು ಥಟ್ಟನೆ ಹಿಂದಕ್ಕೆಳೆದುಕೊಂಡರು. ಅಷ್ಟರಲ್ಲಿ ಎಲ್ಲರೂ ಕಂಡಾಗಿತ್ತು. ಮಂಡಿನೋವನ್ನು ಲೆಕ್ಕಿಸದೆ ಮೇಜು ಬಳಸಿ ಬಂದು ಅವರು ರೋಷನ್ನನ ಮುಂದೆ ಅಡ್ಡ ನಿಂತರು.

"ಇವನನ್ನು ಕೇಳ್ಬೇಡಿ. ಇವನಿಗೆ ಎಂತದೂ ಗೊತ್ತಿಲ್ಲ. ನನ್ನನ್ನೇ ಕೇಳಿ, ಮದ್ದು ಮಾಡಿದವಳು ನಾನು."

"ಬಿಡಿ ಬೇಬಿಯಕ್ಕ." ರೋಷನ್ ಅವರ ಕೈಯನ್ನು ಮೆಲ್ಲಗೆ ಸರಿಸಿ ಎದ್ದ. ಬೆಳಗಿನಿಂದ ಅವನ ಬಾಯಿಂದ ಹೊರಟ ಮೊದಲ ಮಾತು ಅದು. ಅವನ ಕಣ್ಣು ಆಗಲೂ ಕಿಟಕಿಯ ಕಡೆಗೇ ಇತ್ತು. "ಎಲ್ಲಾ ಹೇಳ್ತೇನೆ. ಮೊದಲು ಆ ಬಾಗಿಲಿಗೆ ಅಗುಳಿ ಹಾಕಿ ಸುಧಾಕರಣ್ಣ. ಜಯತೀರ್ಥ ಅಂತ ಹೇಳ್ಕೊಂಡು ಬಂದವನು ಹೊರಗೆ ನನ್ನ ಟ್ರಕ್ಕಲ್ಲೇ ಕೂತಿದ್ದಾನೆ."